ಸಿಇಟಿ ಸೀಟಿಗೆ ತಯಾರಿ: ಎಸ್ಸೆಸ್ಸೆಲ್ಸಿ ರಜೆಯಿಂದ ಕಾಲೇಜು ಸೇರುವ ದಿನದವರೆಗೆ

ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಫಲಿತಾಂಶ ಬಂದ ವಾರ ಫೋನಿಗೆ ಬಿಡುವೇ ಇರಲ್ಲ. "ಮೇಡಂ, ಸಿಇಟಿ ರ‍್ಯಾಂಕ್ ಬಂತು, ಈಗ ಏನು ಮಾಡಬೇಕು?" ಎಲ್ಲರದೂ ಇದೇ ಪ್ರಶ್ನೆ. ಸಿಇಟಿ ಅಂದರೆ ಪಿಯುಸಿ ಆದಮೇಲೆ ಎಂಜಿನಿಯರಿಂಗ್‌ನಂಥ ಕೋರ್ಸುಗಳ ಸೀಟಿಗೆ ರಾಜ್ಯದಲ್ಲಿ ನಡೆಯುವ ಪ್ರವೇಶ ಪರೀಕ್ಷೆ. ಆ ಹೊತ್ತಿಗೆ ಮಾಡುವುದಕ್ಕೆ ಉಳಿದಿರುವುದು ಸ್ವಲ್ಪವೇ. ಜಾಸ್ತಿ ಕೆಲಸ ಅದಕ್ಕೆ ಎರಡು ವರ್ಷ ಮೊದಲೇ ಶುರುವಾಗಬೇಕಿತ್ತು.

ಸೀಟು ಕೈತಪ್ಪಿದ ಮಕ್ಕಳನ್ನು ತುಂಬಾ ನೋಡಿದ್ದೇನೆ. ಅಂಕ ಕಡಿಮೆ ಬಂದು ತಪ್ಪಿದವರು ಇದ್ದಾರೆ, ನಿಜ. ಆದರೆ ಅಂಕ ಚೆನ್ನಾಗಿದ್ದೂ ಒಂದು ಸರ್ಟಿಫಿಕೇಟ್ ಇಲ್ಲದೆ, ಇಲ್ಲವೇ ಆಪ್ಷನ್ (ಬೇಕಾದ ಕಾಲೇಜುಗಳ ಪಟ್ಟಿ) ತಪ್ಪು ಹಾಕಿ ಕಳೆದುಕೊಂಡವರೂ ಕಡಿಮೆಯಿಲ್ಲ. ಆ ಎರಡನೇ ಗುಂಪಿಗೆ ನಿಮ್ಮ ಮನೆಯವರು ಸೇರದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಓದುವುದು ಮಕ್ಕಳ ಕೆಲಸ. ಕಾಗದಪತ್ರದ ಕೆಲಸವನ್ನು ದೊಡ್ಡವರು ಹೊತ್ತುಕೊಳ್ಳಿ.

ಸಿಇಟಿ ನಡೆಸುವುದು, ಸೀಟು ಹಂಚುವುದು ಎರಡೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೆಲಸ. ಎಲ್ಲರೂ ಕೆಇಎ ಅನ್ನುತ್ತಾರೆ. ಕಚೇರಿ ಬೆಂಗಳೂರಿನ ಮಲ್ಲೇಶ್ವರದಲ್ಲಿದೆ. ಎಂಜಿನಿಯರಿಂಗ್ ಒಂದೇ ಅಲ್ಲ, ಕೃಷಿ, ಪಶುವೈದ್ಯಕೀಯ, ಫಾರ್ಮಸಿ, ಬಿ.ಎಸ್ಸಿ. ನರ್ಸಿಂಗ್, ಯೋಗ ಮತ್ತು ಪ್ರಕೃತಿ ಚಿಕಿತ್ಸೆ ಕೋರ್ಸುಗಳ ಸೀಟೂ ಇಲ್ಲಿಂದಲೇ ಸಿಗುತ್ತದೆ.

1. ಎಸ್ಸೆಸ್ಸೆಲ್ಸಿ ರಜೆಯಲ್ಲಿ: ಕಾಂಬಿನೇಷನ್ ಮತ್ತು ಹೆಸರು

ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ತೆಗೆದುಕೊಳ್ಳುತ್ತೀರೋ ಅದರ ಮೇಲೆ ಮುಂದಿನ ಬಾಗಿಲುಗಳು ನಿಂತಿವೆ. ಪಿಸಿಎಂಬಿ ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಇದರಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಎಲ್ಲಕ್ಕೂ ದಾರಿ ಇದೆ. ಪಿಸಿಎಂಸಿಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಇರುತ್ತದೆ. ಎಂಜಿನಿಯರಿಂಗ್ ಖಚಿತ ಅನ್ನುವವರಿಗೆ ಇದು ಸಲೀಸು. ಆದರೆ ಎರಡು ವರ್ಷ ಆದಮೇಲೆ "ಬಿ.ಎಸ್ಸಿ. ಅಗ್ರಿ ಮಾಡಬಹುದಿತ್ತು" ಅಂತ ಅನ್ನಿಸಿದರೆ ಕಷ್ಟ. ಮನಸ್ಸು ಗಟ್ಟಿ ಇಲ್ಲದವರು ಪಿಸಿಎಂಬಿ ತೆಗೆದುಕೊಳ್ಳಿ. ಹೊರೆ ಸ್ವಲ್ಪ ಜಾಸ್ತಿ, ಆದರೆ ದಾರಿ ಮುಚ್ಚಿಕೊಳ್ಳುವುದಿಲ್ಲ.

ಮಗುವನ್ನು ಪಿಯುಸಿಗೆ ಹೈದರಾಬಾದಿಗೋ ರಾಜಸ್ಥಾನದ ಕೋಟಾ ಊರಿಗೋ ಕಳಿಸುವ ಯೋಚನೆ ಇದ್ದರೆ ಒಂದು ವಿಷಯ ಗೊತ್ತಿರಲಿ. ಸುರತ್ಕಲ್‌ನಲ್ಲಿರುವ ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಯಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೆ. ಆದರೆ ಅವರ ಲೆಕ್ಕದಲ್ಲಿ ನಿಮ್ಮ ರಾಜ್ಯ ಅಂದರೆ ಹುಟ್ಟಿದ ರಾಜ್ಯವಲ್ಲ, 12ನೇ ತರಗತಿ ಪಾಸಾದ ರಾಜ್ಯ. ಕೋಟಾದಲ್ಲಿ ಪಾಸಾದವರು ಅಲ್ಲಿ ರಾಜಸ್ಥಾನದವರಾಗುತ್ತಾರೆ.

ಇನ್ನು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದಿ. ಒಂದರಲ್ಲಿ "ಸಹನಾ ಕೆ", ಇನ್ನೊಂದರಲ್ಲಿ "ಕೆ ಸಹನ", ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿಕೊಂಡಿರುತ್ತದೆ. ಎಲ್ಲದಕ್ಕೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಆಧಾರ. ಉಳಿದದ್ದನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಶಾಲೆಯ ಮೂಲಕ ಈಗಲೇ ತಿದ್ದುಪಡಿಗೆ ಬರೆಯಿರಿ. ಸಿಇಟಿ ವರ್ಷಕ್ಕೆ ಬಿಡಬೇಡಿ.

ಹಾಗೆಯೇ ಸ್ಯಾಟ್ಸ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ರಾಜ್ಯದ ಶಾಲೆಗಳಲ್ಲಿ ಪ್ರತಿ ಮಗುವಿಗೂ ಇರುವ ದಾಖಲೆ ಸಂಖ್ಯೆ ಇದು. ಮಗು ಎಲ್ಲೆಲ್ಲಿ ಓದಿತು ಎಂಬ ವಿವರವನ್ನು ಕೆಇಎ ಈಗ ಇದರಿಂದಲೇ ತೆಗೆದುಕೊಳ್ಳುತ್ತದೆ.

2. ಮೊದಲ ಪಿಯುಸಿ: ಯಾವ ಪರೀಕ್ಷೆ ಯಾವುದಕ್ಕೆ?

ಪರೀಕ್ಷೆಗಳ ಹೆಸರು ಕೇಳಿದರೇ ತಲೆ ತಿರುಗುತ್ತದೆ ಅಲ್ವಾ? ಇಷ್ಟು ತಿಳಿದರೆ ಸಾಕು.

ಸರ್ಕಾರಿ ಕಾಲೇಜು ಮತ್ತು ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ ಸೀಟಿಗೆ ಸಿಇಟಿ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಇನ್ನೊಂದು ಪಾಲಿನ ಸೀಟಿಗೆ ಕಾಮೆಡ್‌-ಕೆ. ಇದು ಆ ಕಾಲೇಜುಗಳ ಒಕ್ಕೂಟವೇ ನಡೆಸುವ ಪರೀಕ್ಷೆ, ಇಲ್ಲಿ ಶುಲ್ಕ ಜಾಸ್ತಿ. ಎನ್‌ಐಟಿ, ಐಐಐಟಿಗಳಿಗೆ ಜೆಇಇ ಮೇನ್, ಅದು ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ. ಧಾರವಾಡದ ಐಐಟಿಯೂ ಸೇರಿ ಎಲ್ಲಾ ಐಐಟಿಗಳಿಗೆ ಅದರ ಮುಂದಿನ ಹಂತವಾದ ಜೆಇಇ ಅಡ್ವಾನ್ಸ್‌ಡ್. ಎಂಬಿಬಿಎಸ್, ದಂತವೈದ್ಯ, ಆಯುರ್ವೇದಕ್ಕೆ ನೀಟ್. ಆರ್ಕಿಟೆಕ್ಚರ್‌ಗೆ ನಾಟಾ. ಕಾನೂನು ಓದಲು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಹೋಗುವ ಆಸೆ ಇದ್ದರೆ ಕ್ಲಾಟ್. ಅದು ಡಿಸೆಂಬರ್‌ನಲ್ಲೇ ನಡೆದುಹೋಗುತ್ತದೆ, ಎಷ್ಟೋ ಜನ ಪಿಯುಸಿ ಪರೀಕ್ಷೆ ಮುಗಿಸಿ ಕೇಳಿಕೊಂಡು ಬರುತ್ತಾರೆ.

ನೀಟ್ ಬರೆಯುವವರು ಮಾಡುವ ದೊಡ್ಡ ತಪ್ಪು ಒಂದಿದೆ. ನೀಟ್ ಅರ್ಜಿ ಹಾಕಿದೆವು, ಇನ್ನೇನು ಅಂತ ಸುಮ್ಮನಾಗುತ್ತಾರೆ. ನಮ್ಮ ರಾಜ್ಯದ ಕೋಟಾದ ವೈದ್ಯಕೀಯ ಸೀಟು ಹಂಚುವುದೂ ಕೆಇಎ. ಅಲ್ಲಿ ಬೇರೆಯಾಗಿ ನೋಂದಣಿ ಮಾಡಿಕೊಳ್ಳಲೇಬೇಕು.

ಮೊದಲ ಪಿಯುಸಿ ಪಾಠವನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಬೋರ್ಡ್ ಪರೀಕ್ಷೆಗೆ ಅದು ಬರುವುದಿಲ್ಲ, ಸಿಇಟಿಗೆ ಬರುತ್ತದೆ.

ಕಲಾ, ವಾಣಿಜ್ಯ ವಿಭಾಗದವರಿಗೆ ಈ ಓಟ ಇಲ್ಲ. ಡಿಗ್ರಿ ಪ್ರವೇಶದ ಅರ್ಜಿಗೆ ಯುಯುಸಿಎಂಎಸ್ ಎಂಬ ರಾಜ್ಯದ ಪೋರ್ಟಲ್ ಇದೆ. 2024-25ರಿಂದ ಡಿಗ್ರಿ ಮತ್ತೆ 3 ವರ್ಷದ್ದಾಗಿದೆ. ಕೆಳಗಿನ ಸರ್ಟಿಫಿಕೇಟ್ ವಿಷಯ ಮಾತ್ರ ಅವರಿಗೂ ಬೇಕಾಗುತ್ತದೆ, ಅದನ್ನು ಬಿಡದೆ ಓದಿ.

3. ಎರಡನೇ ಪಿಯುಸಿ ದಸರಾ ರಜೆ: ಸರ್ಟಿಫಿಕೇಟ್ ಕೆಲಸ

ನನ್ನನ್ನು ಕೇಳಿದರೆ ಇಡೀ ತಯಾರಿಯಲ್ಲಿ ಜಾಸ್ತಿ ಗಮನ ಬೇಡುವುದು ಇದೇ. ದಸರಾ ರಜೆಯಲ್ಲಿ ಶುರು ಮಾಡಿ, ಡಿಸೆಂಬರ್ ಒಳಗೆ ಮುಗಿಸಿ. ಜನವರಿ ಆದಮೇಲೆ ನಾಡಕಚೇರಿಯಲ್ಲಿ ನಿಮ್ಮಂತೆಯೇ ಊರೆಲ್ಲಾ ಸಾಲು ನಿಂತಿರುತ್ತದೆ.

ಮೊದಲು ವ್ಯಾಸಂಗ ಪ್ರಮಾಣಪತ್ರ. ಸಿಇಟಿ ಮೂಲಕ ಸೀಟು ಬೇಕಾದರೆ ಸಾಮಾನ್ಯವಾಗಿ 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ 10 ಅಥವಾ 12ನೇ ತರಗತಿಯನ್ನು ಇಲ್ಲೇ ಪಾಸಾಗಿರಬೇಕು. ಓದಿದ ಪ್ರತಿ ಶಾಲೆಯಿಂದಲೂ ಪತ್ರ ತಂದು ಬಿಇಒ ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿ. ಮೂರು ಊರಿನಲ್ಲಿ ಓದಿದ್ದರೆ ಮೂರು ಬಿಇಒ ಕಚೇರಿ. ಶಾಲೆಯೇ ಮುಚ್ಚಿಹೋಗಿದ್ದರೆ ಆ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ವಿಚಾರಿಸಿ. ಸ್ಯಾಟ್ಸ್‌ನಲ್ಲಿ ಎಲ್ಲಾ ಇದೆಯಲ್ಲ ಅಂತ ಇದನ್ನು ಬಿಡಬೇಡಿ. ಅಲ್ಲಿ ಒಂದು ವರ್ಷ ತಪ್ಪಿದ್ದರೆ ಕೈಯಲ್ಲಿರುವ ಕಾಗದವೇ ಕಾಯುವುದು.

ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ. 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15ರಷ್ಟು, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರಷ್ಟು ಸೀಟು ಮೀಸಲಿದೆ. ಎರಡಕ್ಕೂ ಬೇರೆ ಬೇರೆ ನಮೂನೆ, ಎರಡಕ್ಕೂ ಬಿಇಒ ಮೇಲುಸಹಿ. ಒಂಬತ್ತು ವರ್ಷ ಓದಿದರೆ ಸಿಗುವುದಿಲ್ಲ, ಅದರಲ್ಲಿ ರಿಯಾಯಿತಿ ಇಲ್ಲ. ಸಾಮಾನ್ಯ ವರ್ಗದವರು ಗ್ರಾಮೀಣ ಕೋಟಾ ಕೇಳಿದರೆ ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರವೂ ಬೇಕು. ಕೆನೆಪದರ ಅಂದರೆ ಆದಾಯ, ಹುದ್ದೆ ಇವುಗಳ ಮಿತಿ ದಾಟಿದ ಕುಟುಂಬ.

ಜಾತಿ, ಆದಾಯ. ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ಕೊಡುವವರು ತಹಶೀಲ್ದಾರರು, ಅರ್ಜಿ ನಾಡಕಚೇರಿಯಲ್ಲಿ. ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಉದ್ದ ಸಂಖ್ಯೆ ಇರುತ್ತದೆ. ಕೆಇಎ ಅರ್ಜಿಯಲ್ಲಿ ತುಂಬುವುದು ಅದನ್ನೇ. ಅದನ್ನು ಹಾಕಿದ ತಕ್ಷಣ ಪತ್ರದಲ್ಲಿರುವ ಹೆಸರು ಪರದೆ ಮೇಲೆ ಬರುತ್ತದೆ. ಅಲ್ಲಿ ಅಪ್ಪನ ಹೆಸರು ಕಂಡರೆ ಅದು ಅಪ್ಪನ ಸರ್ಟಿಫಿಕೇಟ್. ಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಆದಾಯದ ಪತ್ರ 5 ವರ್ಷಕ್ಕೆ ಮುಗಿಯುತ್ತದೆ. ಎಂಟನೇ ತರಗತಿಯಲ್ಲಿ ಸ್ಕಾಲರ್‌ಶಿಪ್‌ಗೆ ಮಾಡಿಸಿದ್ದು ಇದೆ ಅನ್ನುವವರು ತೆಗೆದು ತಾರೀಖು ನೋಡಿ.

ಜೆಇಇ, ನೀಟ್‌ನ ಕೇಂದ್ರದ ಸೀಟಿಗೂ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. ರಾಜ್ಯದ 2ಎ, 3ಬಿ ಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯಾ ನೋಡಿ, ಕೇಂದ್ರದ ನಮೂನೆಯಲ್ಲಿ ಬೇರೆ ಪತ್ರ ಮಾಡಿಸಬೇಕು. ಅದೂ ಆ ವರ್ಷದ ಏಪ್ರಿಲ್ 1ರ ನಂತರದ್ದು.

ಕಲ್ಯಾಣ ಕರ್ನಾಟಕ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು 371 ಜೆ ಪತ್ರವನ್ನು, ಅಂದರೆ ಸಂವಿಧಾನದ ಆ ವಿಧಿಯಡಿ ನಿಮ್ಮ ಭಾಗಕ್ಕಿರುವ ಮೀಸಲಾತಿಯ ಪತ್ರವನ್ನು, ಉಪವಿಭಾಗಾಧಿಕಾರಿಯಿಂದ ಮಾಡಿಸಿ. ಆ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ಉಳಿದ ಕಡೆ ಶೇಕಡಾ 8 ಸೀಟು ನಿಮಗೆ ಮೀಸಲು. ಬೆಂಗಳೂರಿಗೆ ಬಂದು ನೆಲೆಸಿದ ಎಷ್ಟೋ ಮನೆಗಳು ಇದನ್ನು ಮರೆತೇಬಿಟ್ಟಿವೆ.

ಕೃಷಿ ಕೋರ್ಸಿಗೆ ಹೋಗುವ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಕೃಷಿ ಆದಾಯದ ಪತ್ರ ಬೇಕು, ಒಂದು ಪ್ರಾಕ್ಟಿಕಲ್ ಪರೀಕ್ಷೆಯನ್ನೂ ಬರೆಯಬೇಕು.

ಕಾಸರಗೋಡು, ಮಂಜೇಶ್ವರ, ಅಕ್ಕಲಕೋಟೆ, ಜತ್ತ ಕಡೆಯ ಗಡಿನಾಡ ಕನ್ನಡಿಗರು, ಬೇರೆ ರಾಜ್ಯದಲ್ಲಿ ಓದಿದ ಹೊರನಾಡ ಕನ್ನಡಿಗರು 7 ವರ್ಷದ ನಿಯಮ ನೋಡಿ ಕೈಬಿಡಬೇಡಿ. ನಿಮಗೆ ಬೇರೆ ಷರತ್ತಿನಡಿ ಅವಕಾಶ ಇದೆ. ಕೆಇಎ ನಡೆಸುವ 50 ಅಂಕದ ಕನ್ನಡ ಪರೀಕ್ಷೆಯಲ್ಲಿ 12 ಅಂಕ ತೆಗೆಯಬೇಕು. ಕನ್ನಡ ಓದಿ ಬರೆಯುವ ಮಗುವಿಗೆ ಅದು ಕಷ್ಟವೇನಲ್ಲ, ಮಾತು ಮಾತ್ರ ಬರುವ ಮಗುವಿಗೆ ಆರು ತಿಂಗಳು ಮುಂಚೆ ಅಕ್ಷರ ಕಲಿಸಿ.

4. ಕೆಇಎ ಅರ್ಜಿ

ಸಾಮಾನ್ಯವಾಗಿ ವರ್ಷದ ಆರಂಭದಲ್ಲಿ ಅರ್ಜಿ ಬಿಡುತ್ತಾರೆ. ಕೊನೆಯ ದಿನಕ್ಕೆ ಕಾಯಬೇಡಿ. ಸೈಬರ್ ಸೆಂಟರ್‌ನಲ್ಲಿ ತುಂಬಿಸಿದರೂ ಮಗು ಪಕ್ಕದಲ್ಲೇ ಕೂತಿರಲಿ. ಮೊಬೈಲ್ ನಂಬರ್ ಮನೆಯವರದ್ದೇ ಕೊಡಿ, ಸೆಂಟರ್‌ನವರದ್ದು ಕೊಡಬೇಡಿ. ಮುಂದಿನ ಎಂಟು ತಿಂಗಳು ಒಟಿಪಿ ಬರುವುದೆಲ್ಲಾ ಆ ನಂಬರಿಗೆ.

ಅರ್ಜಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ, 371 ಜೆ ಎಂಬ ಪ್ರಶ್ನೆಗಳಿಗೆ ಆಗಲೇ "ಹೌದು" ಅಂತ ಕೊಡಬೇಕು. ಅರ್ಜಿಯಲ್ಲಿ ಕೇಳದ ಕೋಟಾವನ್ನು ಆಮೇಲೆ ಸರ್ಟಿಫಿಕೇಟ್ ಹಿಡಿದುಕೊಂಡು ಹೋಗಿ ಕೇಳಿದರೆ ಸಿಗುವುದು ಕಷ್ಟ. ಎಸ್‌ಎನ್‌ಕ್ಯೂ ಎಂಬ ಇನ್ನೊಂದು ಕಾಲಂ ಇರುತ್ತದೆ. ಕುಟುಂಬದ ವರ್ಷದ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದವರಿಗೆ ಬೋಧನಾ ಶುಲ್ಕ ಇಲ್ಲದೆ ಕೊಡುವ ಹೆಚ್ಚುವರಿ ಎಂಜಿನಿಯರಿಂಗ್ ಸೀಟು ಅದು. ಇದನ್ನು ಬಹಳ ಜನ ಓದದೆ ದಾಟಿಬಿಡುತ್ತಾರೆ.

5. ಎರಡು ಪರೀಕ್ಷೆ, ಒಂದು ಲೆಕ್ಕ

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದ ಅರ್ಧ, ಸಿಇಟಿಯ ಅದೇ ಮೂರು ವಿಷಯದ ಅರ್ಧ ಸೇರಿಸುತ್ತಾರೆ. ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 285 ಬಂತು, ಅಂದರೆ ಶೇಕಡಾ 95. ಸಿಇಟಿಯಲ್ಲಿ 180ಕ್ಕೆ 81, ಶೇಕಡಾ 45. ಅರ್ಧರ್ಧ ಸೇರಿಸಿದರೆ 70. ಇನ್ನೊಬ್ಬನಿಗೆ ಪಿಯುಸಿಯಲ್ಲಿ 255, ಶೇಕಡಾ 85. ಸಿಇಟಿಯಲ್ಲಿ 117, ಶೇಕಡಾ 65. ಅವನದು 75. ಬೋರ್ಡ್‌ನಲ್ಲಿ 30 ಅಂಕ ಹಿಂದಿದ್ದವನು ರ‍್ಯಾಂಕಿನಲ್ಲಿ ಸಾವಿರಾರು ಜನರನ್ನು ದಾಟಿ ಮುಂದೆ ಹೋಗುತ್ತಾನೆ. ಪಿಯುಸಿಯಲ್ಲಿ ಚೆನ್ನಾಗಿ ಓದುವವರು ಬೇಕಾದಷ್ಟಿದ್ದಾರೆ. ವ್ಯತ್ಯಾಸ ಬೀಳುವುದು ಸಿಇಟಿಯಲ್ಲಿ.

ಹಾಗಂತ ಪಿಯುಸಿ ಬಿಟ್ಟು ಬರೀ ಕೋಚಿಂಗ್ ಹಿಂದೆ ಬೀಳುವುದೂ ದಡ್ಡತನ. ಎಂಜಿನಿಯರಿಂಗ್‌ಗೆ ಆ ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡಾ 45, ಮೀಸಲು ವರ್ಗಕ್ಕೆ ಶೇಕಡಾ 40 ಇರಲೇಬೇಕು. ಎರಡನೇ ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಹೆಚ್ಚು ಬಂದ ಅಂಕ ಉಳಿಯುತ್ತದೆ. ಎಷ್ಟನೇ ಪರೀಕ್ಷೆಯ ಅಂಕದವರೆಗೆ ರ‍್ಯಾಂಕಿಗೆ ಲೆಕ್ಕ ಎಂಬುದನ್ನು ಆ ವರ್ಷದ ಕೆಇಎ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳು 12ನೇ ತರಗತಿಯ ಅಂಕವನ್ನು ಕೆಇಎ ಪೋರ್ಟಲ್‌ನಲ್ಲಿ ತಾವೇ ತುಂಬಬೇಕು. ತುಂಬದಿದ್ದರೆ ಸಿಇಟಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ರ‍್ಯಾಂಕ್ ಬರುವುದಿಲ್ಲ.

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡ್ ಸಿಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದೂ ಖಾಲಿ ಬಿಡಬೇಡಿ. ನೀಟ್‌ನಲ್ಲಿ ಹೀಗಲ್ಲ, ತಪ್ಪಿಗೆ 1 ಅಂಕ ಹೋಗುತ್ತದೆ. ಎರಡನ್ನೂ ಬರೆಯುವ ಮಕ್ಕಳಿಗೆ ಈ ಅಭ್ಯಾಸ ಅದಲು ಬದಲಾಗುತ್ತದೆ. ಒಎಂಆರ್ ಅಂದರೆ ಉತ್ತರದ ವೃತ್ತ ತುಂಬುವ ಹಾಳೆಯಲ್ಲಿ ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ತುಂಬುವುದನ್ನು ಮನೆಯಲ್ಲೇ ನಾಲ್ಕು ಸಲ ಮಾಡಿಸಿ. ಮೊದಲ ಹತ್ತು ನಿಮಿಷದ ಗಾಬರಿಯಲ್ಲಿ ತಪ್ಪುವುದೇ ಅದು.

6. ಆಪ್ಷನ್ ಎಂಟ್ರಿ

ರ‍್ಯಾಂಕ್ ಒಂದೇ ಇರುವುದಿಲ್ಲ, ಎಂಜಿನಿಯರಿಂಗ್‌ಗೆ ಒಂದು, ಕೃಷಿಗೆ ಒಂದು, ಫಾರ್ಮಸಿಗೆ ಒಂದು. ದಾಖಲೆ ಪರಿಶೀಲನೆ ಮುಗಿದ ಮೇಲೆ ವೆರಿಫಿಕೇಷನ್ ಸ್ಲಿಪ್ ಸಿಗುತ್ತದೆ. ಅದರಲ್ಲಿ ನಿಮ್ಮ ಮೀಸಲಾತಿ ಸರಿಯಾಗಿ ಬಂದಿದೆಯಾ ಅಂತ ಅದೇ ದಿನ ನೋಡಿ.

ಆಪ್ಷನ್ ಎಂಟ್ರಿ ಅಂದರೆ ನಿಮಗೆ ಬೇಕಾದ ಕಾಲೇಜು ಮತ್ತು ಕೋರ್ಸನ್ನು ಇಷ್ಟದ ಕ್ರಮದಲ್ಲಿ ಬರೆಯುವುದು. ಅದಕ್ಕೆ ಮೊದಲು ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ತೆಗೆಯಿರಿ. ಕೆಇಎಯೇ ಹಾಕುತ್ತದೆ. ಅದರಲ್ಲಿ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಅಂತೆಲ್ಲಾ ಇರುತ್ತದೆ. ಜಿಎಂ ಸಾಮಾನ್ಯ ವರ್ಗ. ಕೊನೆಯ ಕೆ ಕನ್ನಡ ಮಾಧ್ಯಮ, ಆರ್ ಗ್ರಾಮೀಣ, 2ಎಜಿ ಅಂದರೆ 2ಎ ವರ್ಗದಲ್ಲಿ ಇವೆರಡೂ ಇಲ್ಲದವರು. ಪ್ರತಿ ಚೌಕದಲ್ಲಿ ಇರುವುದು ಆ ಸೀಟು ಸಿಕ್ಕ ಕೊನೆಯವರ ರ‍್ಯಾಂಕ್. 2ಎ ಗ್ರಾಮೀಣ ಮಗು ಜಿಎಂ ಸೀಟಿಗೂ ಅರ್ಹ, ಹಾಗಾಗಿ ಬರೀ ಒಂದು ಕಾಲಂ ನೋಡಿ ಕೂರಬೇಡಿ.

ಈಗ ಜಾಸ್ತಿ ಜನ ಎಡವುವ ಜಾಗ. "ಆ ಕಾಲೇಜು ನಮ್ಮ ರ‍್ಯಾಂಕಿಗೆ ಸಿಗಲ್ಲ, ಮೇಲೆ ಹಾಕಿದರೆ ಆಪ್ಷನ್ ವೇಸ್ಟ್" ಅಂತ ಸಿಗುವಂಥದ್ದನ್ನೇ ಒಂದನೇ ನಂಬರಿಗೆ ಹಾಕುತ್ತಾರೆ. ಕಂಪ್ಯೂಟರ್ ಹಾಗೆ ನೋಡುವುದಿಲ್ಲ. ಅದು ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತದೆ. ನಿಮ್ಮ ಸರದಿ ಬಂದಾಗ ಮೊದಲ ಆಪ್ಷನ್ ಖಾಲಿ ಇದೆಯಾ ನೋಡುತ್ತದೆ, ಇಲ್ಲದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ಮೇಲೆ ಹತ್ತು ದೊಡ್ಡ ಕಾಲೇಜು ಹಾಕಿದ್ದಕ್ಕೆ ಹನ್ನೊಂದನೆಯದು ಕೈತಪ್ಪುವುದಿಲ್ಲ. ಆದರೆ ಸಿಗುವಂಥದ್ದನ್ನು ಒಂದನೇ ನಂಬರಿಗೆ ಹಾಕಿದರೆ ಅದು ಸಿಕ್ಕೇ ಸಿಗುತ್ತದೆ, ಅದಕ್ಕಿಂತ ಒಳ್ಳೆಯದು ಖಾಲಿ ಇದ್ದರೂ ನಿಮಗೆ ಬರುವುದಿಲ್ಲ. ಆದ್ದರಿಂದ ಕ್ರಮ ಪೂರ್ತಿ ಇಷ್ಟದ ಪ್ರಕಾರವೇ ಇರಲಿ. ರ‍್ಯಾಂಕ್ 20,000 ಆಗಿದ್ದರೆ 10,000ಕ್ಕೆ ಮುಗಿದ ಕಾಲೇಜಿನಿಂದ ಶುರು ಮಾಡಿ 40,000ದವರೆಗೆ ಇಳಿಯಿರಿ. ಹತ್ತು ಹನ್ನೆರಡಕ್ಕೆ ನಿಲ್ಲಿಸಬೇಡಿ, ಎಷ್ಟು ಬೇಕಾದರೂ ಹಾಕಬಹುದು. ಸಿಕ್ಕರೂ ಹೋಗುವುದಿಲ್ಲ ಅನ್ನುವ ಕಾಲೇಜನ್ನು ಮಾತ್ರ ಹಾಕಲೇಬೇಡಿ.

ಮೊದಲು ಬಿಳಿ ಹಾಳೆಯಲ್ಲಿ ಬರೆದು, ಎರಡು ದಿನ ಇಟ್ಟು, ಆಮೇಲೆ ಕಂಪ್ಯೂಟರ್‌ಗೆ ಏರಿಸಿ. ಕಾಲೇಜಿನ ಕೋಡ್ ನೋಡಿ ಹಾಕಿ, ಒಂದೇ ತರಹದ ಹೆಸರಿನ ಕಾಲೇಜುಗಳು ಬೇಕಾದಷ್ಟಿವೆ. ಆಮೇಲೆ ಅಣಕು ಹಂಚಿಕೆ ಬರುತ್ತದೆ. ಅದು ನಿಜವಾದ ಸೀಟಲ್ಲ, ಬರೀ ಸೂಚನೆ. ನೋಡಿಕೊಂಡು ಕ್ರಮ ತಿದ್ದಲು ಕೊಟ್ಟ ಅವಕಾಶ.

7. ಸೀಟು ಬಂದ ಮೇಲೆ: ನಾಲ್ಕು ಚಾಯ್ಸ್

ಮೊದಲ ಸುತ್ತಿನ ಸೀಟು ಬಂದಾಗ ನಾಲ್ಕರಲ್ಲಿ ಒಂದನ್ನು ಒತ್ತಬೇಕು. ಚಾಯ್ಸ್ 1 ಅಂದರೆ ಇದೇ ಸಾಕು, ಶುಲ್ಕ ಕಟ್ಟಿ ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ಇರಲಿ, ಇದಕ್ಕಿಂತ ಮೇಲಿನದ್ದು ಸಿಕ್ಕರೆ ಕೊಡಿ. ಚಾಯ್ಸ್ 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್ 4 ಅಂದರೆ ನಾನು ಆಟದಿಂದಲೇ ಹೊರಗೆ.

ಗೊಂದಲ ಬರುವುದು ಚಾಯ್ಸ್ 2 ಮತ್ತು 3ರಲ್ಲಿ. ನಿಮಗೆ 14ನೇ ಆಪ್ಷನ್ ಸಿಕ್ಕಿದೆ, ಚಾಯ್ಸ್ 2 ಕೊಟ್ಟಿರಿ ಅಂದುಕೊಳ್ಳಿ. 1ರಿಂದ 13 ಜೀವಂತ, 15ರಿಂದ ಕೆಳಗೆ ರದ್ದು. ಮುಂದಿನ ಸುತ್ತಿನಲ್ಲಿ 9ನೆಯದು ಸಿಕ್ಕರೆ 14ನೆಯದು ತಾನಾಗಿಯೇ ಹೋಗುತ್ತದೆ, ವಾಪಸ್ ಕೇಳುವಂತಿಲ್ಲ. ಅದಕ್ಕೆ ಚಾಯ್ಸ್ 2 ಕೊಡುವ ಮೊದಲು ಮೇಲಿನ ಹದಿಮೂರನ್ನೂ ಇನ್ನೊಮ್ಮೆ ಓದಿ, 14ಕ್ಕಿಂತ ಇಷ್ಟವಿಲ್ಲದ್ದು ಇದ್ದರೆ ತೆಗೆಯಿರಿ. ಚಾಯ್ಸ್ 3ರಲ್ಲಿ ಕೈಯಲ್ಲಿದ್ದ ಸೀಟು ಹೋಗುತ್ತದೆ. ಧೈರ್ಯವಂತರಿಗೆ ಮಾತ್ರ. ನಾನಂತೂ ಬೇರೆ ಪರೀಕ್ಷೆಯ ಸೀಟು ಕೈಯಲ್ಲಿ ಇಲ್ಲದ ಯಾರಿಗೂ ಅದನ್ನು ಹೇಳುವುದಿಲ್ಲ.

ಠೇವಣಿ, ರದ್ದತಿ, ದಂಡದ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅಣ್ಣನ ಕಾಲದ ನಿಯಮ ತಂಗಿಗೆ ನಡೆಯಲ್ಲ. ಮತ್ತೆ, ಈ ವಾರಗಳಲ್ಲೇ "ಸೀಟು ಮಾಡಿಸಿಕೊಡುತ್ತೇವೆ" ಅನ್ನುವ ಫೋನ್‌ಗಳು ಬರುತ್ತವೆ. ಸಿಇಟಿ ಸೀಟನ್ನು ಮಧ್ಯದವರು ಯಾರೂ ಮಾಡಿಸಲಾರರು. ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ.

8. ದುಡ್ಡು ಮತ್ತು ಸೇರುವ ದಿನ

ಕೆಇಎಗೆ ಕಟ್ಟುವ ಶುಲ್ಕವೇ ಪೂರ್ತಿ ಖರ್ಚಲ್ಲ. ಕೆಲವು ಖಾಸಗಿ ಕಾಲೇಜುಗಳು ಸೇರುವ ದಿನ ಲ್ಯಾಬ್, ತರಬೇತಿ, ಇತರೆ ಅಂತ ಇನ್ನೊಂದು ಪಟ್ಟಿ ಮುಂದಿಡುತ್ತವೆ. ನಮ್ಮ ಅಕ್ಕನ ಮಗನನ್ನು ಸೇರಿಸಲು ಹೋದಾಗ ನಮಗೂ ಹೀಗೇ ಆಯಿತು. ಅವತ್ತು ಕಟ್ಟಿ ಬಂದೆವು, ರಸೀದಿ ಕೇಳುವುದಕ್ಕೂ ತೋಚಲಿಲ್ಲ. ಆಪ್ಷನ್ ಹಾಕುವ ಮೊದಲೇ ಕಾಲೇಜಿಗೆ ಫೋನ್ ಮಾಡಿ ಒಟ್ಟು ಎಷ್ಟು ಅಂತ ಕೇಳಿ. ಈಗಾಗಲೇ ಓದುತ್ತಿರುವ ಮಕ್ಕಳು ಸಿಕ್ಕರೆ ಇನ್ನೂ ಒಳ್ಳೆಯದು.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ, ಹಾಸ್ಟೆಲ್ ಸಿಗದ ಅರ್ಹರಿಗೆ ವಿದ್ಯಾಸಿರಿ ಎಂಬ ನೆರವಿನ ಯೋಜನೆ ಇದೆ. ಮಗುವಿನ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಇಲ್ಲದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ಅಲ್ಪಸಂಖ್ಯಾತ ಮತ್ತು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಗಳಲ್ಲಿ ಅರಿವು ಎಂಬ ಶಿಕ್ಷಣ ಸಾಲ ಇದೆ. ಅದಕ್ಕೂ ಅರ್ಜಿ ಕರೆಯುವ ಕಾಲ ಇರುತ್ತದೆ, ಸಿಇಟಿ ಬರೆದ ತಕ್ಷಣ ವಿಚಾರಿಸಿ.

ಸೇರುವ ದಿನ ಮೂಲ ಅಂಕಪಟ್ಟಿ, ಟಿಸಿ ಕಾಲೇಜಿಗೆ ಕೊಡುತ್ತೀರಿ. ಆಮೇಲೆ ಎರಡನೇ ಸುತ್ತಿಗೋ ಸ್ಕಾಲರ್‌ಶಿಪ್‌ಗೋ ಬೇಕೆಂದರೆ ಸುಲಭಕ್ಕೆ ವಾಪಸ್ ಬರುವುದಿಲ್ಲ. ಕೊಡುವ ಮೊದಲು ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ, ಹತ್ತು ಸೆಟ್ ಜೆರಾಕ್ಸ್ ತೆಗೆಸಿ, ಏನೇನು ಕೊಟ್ಟಿರಿ ಎಂಬ ಪಟ್ಟಿಗೆ ಕಾಲೇಜಿನ ಸೀಲು ಹಾಕಿಸಿಕೊಳ್ಳಿ. ಜೊತೆಗೆ ಪಾಸ್‌ಪೋರ್ಟ್ ಅಳತೆಯ ಫೋಟೋ ಒಂದು ಡಜನ್ ಇರಲಿ. ಅವತ್ತು ಕಾಲೇಜಿನ ಎದುರಿನ ಸ್ಟುಡಿಯೋದಲ್ಲಿ ಜಾತ್ರೆಯೇ ಇರುತ್ತದೆ.